ಮಾಧ್ಯಮಿಕ ತರಗತಿಗಳ ಗಣಿತ: ಪಾಠಕ್ರಮವೂ ಪರೀಕ್ಷೆಯೂ

ಬುರುಜನ್ನು ಕಟ್ಟಲು ಹೊರಟು, ವೆಚ್ಚವನ್ನು ಎಣಿಸದೆ ಅಸ್ತಿಭಾರದಲ್ಲಿಯೇ ಕೆಲಸವನ್ನು ನಿಲ್ಲಿಸಬೇಕಾದವನ ಸಾಮ್ಯವನ್ನು ನಮ್ಮ ಪಾಠಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಕೇಳದ ವಿದ್ಯಾರ್ಥಿನಿಯಿರಲಾರಳು. ಆರನೆಯ ತರಗತಿಯಿಂದ ಎಂಟನೆಯದರ ವರೆಗಿನ ಗಣಿತಪಾಠವನ್ನು ಕುರಿತು ಯೋಚಿಸುವಾಗಲೆಲ್ಲ ಆ ಸಾಮ್ಯವು ನೆನಪಿಗೆ ಬರುತ್ತದೆ. ವರ್ಷದ ಮೊದಲಲ್ಲಿ ಪುಸ್ತಕದ ಪುಟಗಳನ್ನು ತಿಂಗಳುಗಳಿಗೆ ಹಂಚುತ್ತೇವೆ. ಕಡೆಯಲ್ಲಿ ಮಕ್ಕಳಿಗೆ ಅಂಕಗಳನ್ನು ಹಂಚುತ್ತೇವೆ. ಈ ಎರಡು ಹಂಚಿಕೆಗಳ ನಡುವೆ ಮಗುವಿನ ತಿಳಿವು ಎಲ್ಲಿ ನಿಂತುಹೋಯಿತೆಂದು ಎಣಿಸುವವರು ಕಡಮೆ. ಹನ್ನೆರಡು ವರ್ಷದ ಹುಡುಗಿಯು “ಲೆಕ್ಕವು ನನಗೆ ಬಾರದು” ಎಂದು ತೀರ್ಮಾನಿಸಿಕೊಳ್ಳುವುದು ಈ ನಡುವಿನ ಕಾಲದಲ್ಲಿಯೇ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ತೀರ್ಮಾನವನ್ನು ಮನೆಯವರೂ ಬೇಗನೆ ಒಪ್ಪಿಬಿಡುತ್ತಾರೆ. ಹಿಂದೆ ಅನೇಕ ಕಡೆಗಳಲ್ಲಿ ಹುಡುಗಿಯರಿಗೆ ಗಣಿತಕ್ಕಿಂತ ಮನೆವಾರ್ತೆಯ ಶಿಕ್ಷಣವೇ ತಕ್ಕದ್ದೆಂದು ತಿಳಿಯುತ್ತಿದ್ದರು. ೧೯೬೪–೬೬ರ ಕೊಠಾರಿ ಆಯೋಗವು ಮೊದಲ ಹತ್ತು ವರ್ಷಗಳ ಶಿಕ್ಷಣದಲ್ಲಿ ಗಣಿತವೂ ವಿಜ್ಞಾನವೂ ಎಲ್ಲ ಮಕ್ಕಳಿಗೂ ಕಡ್ಡಾಯವಾಗಿರಬೇಕೆಂದು ಸಲಹೆಮಾಡಿತು. ಬಾಗಿಲು ತೆರೆಯಿತು, ನಿಜ; ಆದರೆ ಹೊಸ್ತಿಲನ್ನು ದಾಟಿಸುವ ಕೆಲಸವು ಪಾಠಕ್ರಮಕ್ಕೆ ಸೇರಿದ್ದು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಂದರ್ಭದಲ್ಲಿ ಗಣಿತಬೋಧನೆಯನ್ನು ಕುರಿತು ಸಿದ್ಧವಾದ ಪ್ರಬಂಧವು ಮಕ್ಕಳ ಭಯವನ್ನೂ ಸೋಲಿನ ಭಾವನೆಯನ್ನೂ ಮುಖ್ಯ ತೊಡಕುಗಳಲ್ಲಿ ಎಣಿಸಿತು. ಗಣಿತವೆಂದರೆ ಬರಿಯ ಯಾಂತ್ರಿಕವಾದ ಲೆಕ್ಕವೆಂಬ ಭ್ರಮೆಯನ್ನು ಹುಟ್ಟಿಸುವ ಒರಟು ಪರೀಕ್ಷೆಗಳನ್ನೂ ಆಕ್ಷೇಪಿಸಿತು.

ಆ ಹೊಸ್ತಿಲು ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ಭಿನ್ನರಾಶಿ. ನಮ್ಮ ಅಜ್ಜಿಯರ ಕಾಲದಲ್ಲಿ ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ, ಸೇರಿಗೆ ೪ ಪಾವು. ಕಾಲು, ಅರೆ, ಮುಕ್ಕಾಲು, ವೀಸ ಎಂಬ ಮಾತುಗಳು ಸಂತೆಯಲ್ಲಿಯೂ ಉಗ್ರಾಣದಲ್ಲಿಯೂ ದಿನದಿನವೂ ಕೇಳಿಬರುತ್ತಿದ್ದವು. ಓದು ಬಾರದ ಹೆಂಗಸೂ ನಾಲ್ಕಾಣೆಯು ರೂಪಾಯಿಯ ಕಾಲುಭಾಗವೆಂಬುದನ್ನು ಸೆರಗಿನ ಗಂಟಿನಿಂದಲೇ ಅರಿತಿದ್ದಳು. ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ೧೦೦ ಪೈಸೆಗಳಾದವು; ಬಳಿಕ ಸೇರು ಪಾವುಗಳ ಸ್ಥಾನಕ್ಕೆ ಲೀಟರು ಕಿಲೋಗ್ರಾಮುಗಳು ಬಂದವು. ವ್ಯವಹಾರಕ್ಕೆ ಇದರಿಂದ ಸೌಕರ್ಯವೇ ಆಯಿತು. ಆದರೆ ಮನೆಯು ತಾನಾಗಿಯೇ ಕಲಿಸುತ್ತಿದ್ದುದನ್ನು ಇನ್ನು ಪಾಠಶಾಲೆಯೇ ಕಲಿಸಬೇಕಾಯಿತು. ಅದಕ್ಕೆ ತಕ್ಕ ಹೆಚ್ಚಿನ ಕಾಲವನ್ನು ನಾವು ಕೊಟ್ಟಿದ್ದೇವೆಯೇ?

ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸೆಂದರೆ, ಮೇಲಿನ ಅಂಕಿಗಳನ್ನೂ ಕೆಳಗಿನ ಅಂಕಿಗಳನ್ನೂ ಬೇರೆಬೇರೆಯಾಗಿ ಕೂಡಿಸಿ ೨/೫ ಎಂದು ಬರೆಯುವ ಮಕ್ಕಳು ಅನೇಕರು. ೨/೫ ಎಂಬುದು ಅರ್ಧಕ್ಕಿಂತ ಕಡಮೆ. ಕೂಡಿಸಿದ ಮೇಲೆ ಇದ್ದುದೂ ಕರಗಿತೆಂದಾಯಿತು! ರೊಟ್ಟಿಯ ತುಂಡುಗಳಲ್ಲಿ ಇದನ್ನು ಕಂಡ ಮಗುವು ತಾನೇ ನಕ್ಕು ತಿದ್ದಿಕೊಳ್ಳುವುದು. ಕಾಣದ ಮಗುವು ತಪ್ಪಿನ ಗುರುತನ್ನು ಮಾತ್ರ ನೋಡಿ ಕುಗ್ಗುವುದು.

ಆದುದರಿಂದ ಪಾಠಕ್ರಮವನ್ನು ಪುಟಗಳಿಂದಲ್ಲ, ಕಡೆಯಿಂದ ಮೊದಲಿಗೆ ರಚಿಸಬೇಕು. ಎಂಟನೆಯ ತರಗತಿಯ ಹುಡುಗಿಯು “ಒಂದು ಸಂಖ್ಯೆಯ ಅರ್ಧವನ್ನೂ ಮೂರನೆಯ ಒಂದು ಭಾಗವನ್ನೂ ಕೂಡಿಸಿದರೆ ೧೦, ಆ ಸಂಖ್ಯೆ ಯಾವುದು?” ಎಂಬ ಬೀಜಗಣಿತದ ಪ್ರಶ್ನೆಗೆ ೧೨ ಎಂದು ಉತ್ತರ ಕೊಟ್ಟು, ಕಾರಣವನ್ನೂ ಹೇಳಬೇಕೆಂದಿರಲಿ. ಹಾಗಾದರೆ ಏಳನೆಯದರಲ್ಲಿ ಅನುಪಾತವೂ ಶೇಕಡಾ ಲೆಕ್ಕವೂ, ಆರನೆಯದರಲ್ಲಿ ಭಿನ್ನರಾಶಿಯ ಅರ್ಥವೂ ಗಟ್ಟಿಯಾಗಬೇಕು. ಆರನೆಯ ತರಗತಿಯಲ್ಲಿ ಅವಸರದಿಂದ ಉಳಿಸಿದ ಎರಡು ವಾರಗಳಿಗೆ ಬಡ್ಡಿಯನ್ನು ಎಂಟನೆಯದರಲ್ಲಿ ತೆರಬೇಕಾಗುತ್ತದೆ.

ಇನ್ನು ಪರೀಕ್ಷೆಯ ಮಾತು. ಇಬ್ಬರು ಹುಡುಗಿಯರಿಗೆ ನೂರಕ್ಕೆ ನಲವತ್ತು ಅಂಕಗಳು ಬಂದಿವೆಯೆನ್ನೋಣ. ಒಬ್ಬಳು ದಾರಿಯನ್ನು ಬಲ್ಲಳು, ಮಗ್ಗಿಯಲ್ಲಿ ಎಡವಿದಳು. ಇನ್ನೊಬ್ಬಳು ಮಗ್ಗಿಯನ್ನು ಬಲ್ಲಳು, ದಾರಿಯನ್ನೇ ಅರಿಯಳು. ಅಂಕ ಒಂದೇ, ಔಷಧ ಬೇರೆ. ಜ್ವರದ ಅಳತೆಯನ್ನು ಹೇಳಿ ರೋಗವನ್ನು ಹೇಳದ ವೈದ್ಯನಿಂದ ರೋಗಿಗೆ ಏನು ಫಲ? ಪಾಠಕ್ಕೆ ಮೊದಲೇ ನಾಲ್ಕು ಪ್ರಶ್ನೆಗಳನ್ನು ಕೇಳಿ ಮಗುವು ಎಲ್ಲಿದೆಯೆಂದು ತಿಳಿಯುವುದು, ಪಾಠದ ನಡುವೆ ಅದು ನಡೆದ ದಾರಿಯನ್ನು ನೋಡುವುದು, ಕಡೆಯಲ್ಲಿ ಹೊಸ ಪ್ರಶ್ನೆಯೊಂದರಿಂದ ಶೋಧಿಸುವುದು: ಈ ಮೂರೂ ಕೂಡಿದರೆ ಮಾತ್ರ ಪರೀಕ್ಷೆಯು ಪೂರ್ಣವಾಗುತ್ತದೆ.

“ತರಗತಿಯಲ್ಲಿ ಐವತ್ತು ಮಕ್ಕಳಿದ್ದಾರೆ, ಪುಸ್ತಕವನ್ನು ಮುಗಿಸಬೇಡವೇ?” ಎಂದು ಉಪಾಧ್ಯಾಯಿನಿಯರು ಕೇಳುವುದು ನ್ಯಾಯವೇ. ಅವರ ಹೊರೆಯು ಹಗುರವಾದುದಲ್ಲ. ಆದರೆ ವಾರಕ್ಕೆ ಒಂದೇ ಪ್ರಶ್ನೆಯನ್ನು ಕೊಟ್ಟು, ಉತ್ತರದ ಚೀಟಿಗಳನ್ನು ಅರಿತವರು, ಎಡವಿದವರು, ದಾರಿ ತಪ್ಪಿದವರು ಎಂದು ಮೂರು ಭಾಗ ಮಾಡಲು ಅರ್ಧ ಗಂಟೆ ಸಾಕು. ಒಂದೇ ಬಗೆಯ ಇಪ್ಪತ್ತು ಲೆಕ್ಕಗಳಲ್ಲಿ ಹತ್ತನ್ನು ಬಿಟ್ಟರೆ ಆ ಕಾಲವು ದೊರೆಯುವುದು. ಅಭ್ಯಾಸವನ್ನು ಕಡಮೆ ಮಾಡಬಹುದು; ಅರ್ಥವನ್ನು ಕಡಮೆ ಮಾಡಲಾಗದು. ಆಡಳಿತದವರೂ ಮುಗಿದ ಪುಟಗಳ ಲೆಕ್ಕವನ್ನು ಕೇಳುವುದನ್ನು ಬಿಟ್ಟು, ದಾರಿ ತಪ್ಪಿದವರಲ್ಲಿ ಎಷ್ಟು ಮಂದಿ ಮರಳಿದರೆಂದು ವಿಚಾರಿಸಬೇಕು.

ಹೆತ್ತವರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಬಿನ್ನಹ. ಮಗಳು ಮನೆಗೆ ಬಂದಾಗ “ಎಷ್ಟು ಅಂಕ ಬಂತು?” ಎನ್ನುವುದಕ್ಕೆ ಮೊದಲು “ಯಾವ ಲೆಕ್ಕ ತಪ್ಪಿತು? ಹೇಗೆ ಮಾಡಿದೆ, ಹೇಳಮ್ಮ” ಎಂದು ಕೇಳಿರಿ. “ನಮ್ಮ ವಂಶದಲ್ಲಿಯೇ ಯಾರಿಗೂ ಲೆಕ್ಕ ಬಾರದು” ಎಂಬ ಮಾತನ್ನು ಅವಳ ಮುಂದೆ ಆಡದಿರಿ. ರೋಗಿಗೆ ಔಷಧವನ್ನು ಅಳೆಯುವ ದಾದಿಗೂ ಸಾಲದ ಬಡ್ಡಿಯನ್ನು ಪರಿಶೀಲಿಸುವ ಗೃಹಿಣಿಗೂ ಯಂತ್ರವನ್ನು ರಚಿಸುವ ಇಂಜಿನಿಯರಿಗೂ ಬೇಕಾದ ಅಸ್ತಿಭಾರವು ಈ ಮೂರು ವರ್ಷಗಳಲ್ಲಿ ಬೀಳುತ್ತದೆ. ವೆಚ್ಚವನ್ನು ಈಗಲೇ ಎಣಿಸೋಣ. ಬುರುಜು ಅರ್ಧಕ್ಕೆ ನಿಂತ ಮೇಲೆ ಹುಡುಗಿಯನ್ನು ದೂಷಿಸುವುದು ನ್ಯಾಯವಲ್ಲ.