ಯಾರನ್ನು ಕೇಳಿ ಆಳುತ್ತಾರೆ?



ಸಮಾಜ ವಿಜ್ಞಾನದಲ್ಲಿ ಸರ್ಕಾರದ ವಿಧಗಳ ಪಾಠ ನಡೆಯುತ್ತಿದೆ. ರಾಜಪ್ರಭುತ್ವ, ಸರ್ವಾಧಿಕಾರ, ಪ್ರಜಾಪ್ರಭುತ್ವ, ಸಂಸದೀಯ ಪದ್ಧತಿ, ಅಧ್ಯಕ್ಷೀಯ ಪದ್ಧತಿ ಅಂತ ಎಲ್ಲರೂ ಬಾಯಿಪಾಠ ಹೊಡೀತಾ ಇದ್ದೇವೆ. ಎರಡು ಅಂಕದ ಪ್ರಶ್ನೆ ಬಂದೇ ಬರುತ್ತಂತೆ. ಬರಲಿ. ಆದರೆ ಬರೀ ಹೆಸರು ನಂಬಿದರೆ ಮೋಸ ಹೋಗುತ್ತೇವೆ ಎಂಬುದು ನನ್ನ ಅಭಿಪ್ರಾಯ.

ಉತ್ತರ ಕೊರಿಯಾ ದೇಶದ ಪೂರ್ತಿ ಹೆಸರಿನಲ್ಲಿ ಪ್ರಜಾಸತ್ತೆಯೂ ಇದೆ, ಜನತೆಯೂ ಇದೆ, ಗಣರಾಜ್ಯವೂ ಇದೆ. ಆದರೆ 1948ರಿಂದ ಅಲ್ಲಿ ಆಳುತ್ತಿರುವುದು ಒಂದೇ ಮನೆಯ ತಾತ, ಮಗ, ಮೊಮ್ಮಗ. ಇಂಗ್ಲೆಂಡಿನಲ್ಲಿ ರಾಜನಿದ್ದಾನೆ. 2022ರಲ್ಲಿ ಮೂರನೇ ಚಾರ್ಲ್ಸ್ ಪಟ್ಟಕ್ಕೆ ಬಂದದ್ದನ್ನು ಟಿ.ವಿ.ಯಲ್ಲಿ ತೋರಿಸಿದ್ದರು. ಆದರೂ ಅಲ್ಲಿ ಸರ್ಕಾರ ನಡೆಸುವವರು ಜನರಿಂದ ಆರಿಸಿ ಬಂದವರು. ಹಾಗಾದರೆ ನೋಡಬೇಕಾದ್ದು ಯಾವುದನ್ನು? ಆಳುವವರು ಒಂದು ಕೆಲಸ ಮಾಡುವ ಮುಂಚೆ ಯಾರನ್ನು ಕೇಳುತ್ತಾರೆ, ಜನ ಪ್ರಶ್ನೆ ಹಾಕಿದರೆ ಉತ್ತರ ಕೊಡುತ್ತಾರಾ, ಇದನ್ನ. ಇದನ್ನು ತಿಳಿಯಲು ಪರದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳೇ ಸಾಕು.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಕಂಡುಹಿಡಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಲ್ಲಿನ ಇಸಿಲ ಪಟ್ಟಣದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯ. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು. (ಕೊನೆಯದನ್ನು ನಮ್ಮ ಮೇಷ್ಟ್ರು ಎರಡು ಸಲ ಓದಿ ಹೇಳಿದರು!) ಎಲ್ಲವೂ ಒಳ್ಳೆಯ ಮಾತೇ. ಬರೆದ ಲಿಪಿಕಾರ ಚಪಡನೂ ಕೊನೆಗೆ ತನ್ನ ಹೆಸರು ಹಾಕಿಕೊಂಡಿದ್ದಾನೆ. ಆದರೆ ಇಸಿಲದ ರೈತ, ದನ ಕಾಯುವವ ಇದಕ್ಕೆ ಏನಂದರು ಅನ್ನೋದು ಆ ಬಂಡೆಗಳ ಮೇಲೆ ಎಲ್ಲೂ ಇಲ್ಲ. ಒಳ್ಳೆಯ ರಾಜನೇ, ಆದರೆ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಬಂತು.

ದುರ್ಗದ ನಾಯಕರನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದಾಗ ದೊರೆ ಬದಲಾದ. ನಿಮಗೆ ಯಾರು ಬೇಕು ಅಂತ ನಮ್ಮ ಹಟ್ಟಿಗಳನ್ನು ಯಾರೂ ಕೇಳಲಿಲ್ಲ.

ಆಮೇಲೆ ಮೈಸೂರು ಮಹಾರಾಜರ ಕಾಲ. ಆಗ ಮೊಳಕಾಲ್ಮೂರು ಮೈಸೂರು ಸೀಮೆ, ಪಕ್ಕದ ರಾಯದುರ್ಗ, ಬಳ್ಳಾರಿ ಬ್ರಿಟಿಷರ ಮದ್ರಾಸ್ ಸೀಮೆ. ಸೀರೆ ಗಂಟು ಹೊತ್ತು ರಾಯದುರ್ಗಕ್ಕೆ ಹೋದವರು ಒಂದೇ ದಿನ ಎರಡು ಥರದ ಸರ್ಕಾರ ನೋಡಿ ಬರಬಹುದಿತ್ತು! 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆಗೆ 144 ಮಂದಿ. ಹೆಚ್ಚಿನವರು ಜಮೀನುದಾರರು, ವ್ಯಾಪಾರಿಗಳು. ದಸರೆಯಲ್ಲಿ ಸೇರಿ ಕಷ್ಟ ಹೇಳಿಕೊಳ್ಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಆದರೂ ರಾಜನ ಸರ್ಕಾರ ಕಿವಿ ಕೊಟ್ಟಿತಲ್ಲ, ಅದು ಸಣ್ಣದಲ್ಲ. ಪೂರ್ತಿ ಜವಾಬ್ದಾರಿ ಸರ್ಕಾರಕ್ಕೆ 1947ರ ಅಕ್ಟೋಬರ್‌ವರೆಗೆ, ಮೈಸೂರು ಚಲೋ ಚಳವಳಿ ಆಗುವವರೆಗೆ ಕಾಯಬೇಕಾಯಿತು.

ಈಗ ನಮ್ಮ ಪ್ರಜಾಪ್ರಭುತ್ವದ ವಿಷಯ. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳು ರಾಜರ ಕಾಲದಲ್ಲಿ ಅವರ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು. ಆಗಲೂ ನಮ್ಮನ್ನು ಕೇಳಿ ಮಾಡಿದ್ದಲ್ಲ ಬಿಡಿ. ಮುಂದೆ ಸುತ್ತಲ ಊರುಗಳ ಕುರಿ, ದನ ಅಲ್ಲೇ ಮೇಯುತ್ತಿದ್ದವು. 2007ರಿಂದ ಈಚೆಗೆ ಕುದಾಪುರ, ಉಳ್ಳಾರ್ತಿ ಕಡೆ ಸುಮಾರು 10,000 ಎಕರೆ ಕಾವಲನ್ನು ರಕ್ಷಣಾ ಸಂಶೋಧನೆ, ವಿಜ್ಞಾನ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಕೊಟ್ಟರು. ವಿಜ್ಞಾನ ಬೇಡ ಅಂತ ನಾನು ಬರೆಯುತ್ತಿಲ್ಲ. ಅಲ್ಲೇ ಕೆಲಸಕ್ಕೆ ಸೇರಬೇಕೆಂಬ ಆಸೆ ನಮ್ಮ ತರಗತಿಯಲ್ಲೇ ಮೂವರಿಗಿದೆ. ಆದರೆ ಎಷ್ಟೋ ಕುರಿಗಾಹಿಗಳಿಗೆ ವಿಷಯ ಗೊತ್ತಾದದ್ದು ಗೋಡೆ ಏಳಲು ಶುರುವಾದ ಮೇಲೆ. ಮೊದಲೇ ಒಂದು ಗ್ರಾಮಸಭೆ ಕರೆದು, “ಹಿಂಗಿಂಗೆ ಮಾಡ್ತೀವಿ, ನಿಮ್ಮ ಕುರಿಗೆ ಎಲ್ಲಿ ಜಾಗ ಬೇಕು?” ಅಂತ ಕೇಳಲು ಎಷ್ಟು ಖರ್ಚಾಗುತ್ತಿತ್ತು? ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು. ದೊರೆಯ ಮೇಲೆ ದೂರು ಕೊಡಲು ಅವತ್ತು ಜಾಗವಿರಲಿಲ್ಲ. ಈ ಕಾವಲಿನ ವಿಷಯ 2013ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ವಿಚಾರಣೆಗೆ ಬಂತು.

ಸ್ವಿಟ್ಜರ್ಲೆಂಡಿನ ಗ್ಲಾರಸ್, ಆಪೆನ್ಸೆಲ್ ಎಂಬ ಪ್ರಾಂತ್ಯಗಳಲ್ಲಿ ವರ್ಷಕ್ಕೊಮ್ಮೆ ಜನರೆಲ್ಲ ಬಯಲಲ್ಲಿ ಸೇರಿ ಕೈ ಎತ್ತಿ ಕಾನೂನು ತೀರ್ಮಾನ ಮಾಡುತ್ತಾರೆ. ಕೇಳಲು ಎಷ್ಟು ಚೆಂದ! ಆದರೆ ಆಪೆನ್ಸೆಲ್‌ನ ಒಂದು ಭಾಗದಲ್ಲಿ ಹೆಂಗಸರಿಗೆ ಆ ಬಯಲಿಗೆ ಬಂದು ಕೈ ಎತ್ತುವ ಹಕ್ಕು ಸಿಕ್ಕಿದ್ದು 1991ರಲ್ಲಿ, ಅದೂ ಕೋರ್ಟು ಹೇಳಿದ ಮೇಲೆ. ನಮ್ಮಲ್ಲಿ 1952ರ ಮೊದಲ ಚುನಾವಣೆಯಲ್ಲೇ ಹೆಂಗಸರು ವೋಟು ಹಾಕಿದರು. ಈಗ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಅವರದೇ. ಆದರೂ ಎಷ್ಟೋ ಕಡೆ ಅಧ್ಯಕ್ಷರನ್ನು ಏನಾದರೂ ಕೇಳಿದರೆ “ನಮ್ಮ ಯಜಮಾನ್ರನ್ನ ಕೇಳಿ” ಅಂತಾರೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದೇ ನಮ್ಮ ಆಪೆನ್ಸೆಲ್ ಬಯಲು. ಸಹಿ ಹಾಕಿ ಟೀ ಕುಡಿದು ಎದ್ದು ಬರುವ ದೊಡ್ಡವರಿಗೆ ಹೇಳಲು ನಾನು ಚಿಕ್ಕವಳು. ಮಕ್ಕಳ ಗ್ರಾಮಸಭೆ ಅಂತ ಇದೆಯಲ್ಲ, ಅದು ನಮ್ಮದು. ಅಲ್ಲಿ ಸ್ವಾಗತ ಗೀತೆ, ಭಾಷಣ, ವಂದನಾರ್ಪಣೆ ಇವಿಷ್ಟೇ ಆದರೆ ಅದೂ ಮೇಲಿನಿಂದ ಬಂದ ಶಾಸನದಂತೆಯೇ. ನಾವು ಪ್ರಶ್ನೆ ಕೇಳಬೇಕು. ಹೋದ ಸಲ ಏನು ಕೇಳಿದ್ದೆವು, ಏನಾಯಿತು ಅಂತ ಮೊದಲು ಓದಿಸಬೇಕು.

ನನ್ನ ಪ್ರಶ್ನೆ ತಯಾರಿದೆ. ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಹಟ್ಟಿಗೆ ಬಸ್ಸಿಲ್ಲ. ಕತ್ತಲಲ್ಲಿ ನಡೆದು ಬರೋದು ಬೇಡ ಅಂತ ನಮ್ಮಕ್ಕನನ್ನು ಏಳನೇ ತರಗತಿಗೇ ಬಿಡಿಸಿದರು. ಈ ವರ್ಷ ಇನ್ನಿಬ್ಬರನ್ನು ಬಿಡಿಸುವ ಮಾತು ನಡೀತಿದೆ. ಬಸ್ಸಿನ ಸಮಯ ಬದಲಾಯಿಸಲು ಪಂಚಾಯಿತಿಯಿಂದ ಡಿಪೋಗೆ ಪತ್ರ ಬರೀತೀರಾ, ಯಾವ ತಾರೀಖಿಗೆ ಬರೀತೀರಾ?

ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ. ನಿಮ್ಮ ನಿಮ್ಮ ಪ್ರಶ್ನೆಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ. ಶನಿವಾರ ಎಲ್ಲ ಸೇರಿಸಿ ಮೇಷ್ಟ್ರಿಗೆ ಕೊಡುತ್ತೇನೆ.

– 9ನೇ ತರಗತಿಯ ವಿದ್ಯಾರ್ಥಿನಿ