ಬಿಡುವಿನ ವೇಳೆ: ಜಡೆದಾರ ಸುತ್ತುವ ಬಗೆ

ದಾರ ಸುತ್ತುವ ಕೆಲಸ ಕನ್ನಡಿಗರಿಗೆ ಹೊಸದಲ್ಲ. ಇಳಕಲ್ಲು, ಗುಳೇದಗುಡ್ಡಗಳ ನೇಕಾರರ ಮನೆಗಳಲ್ಲಿ ಅಜ್ಜಿಯರು ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತ ಬಂದವರು. ಕಂಡಿಕೆ ಸಡಿಲವಾದರೆ ಲಾಳಿ ಓಡುವಾಗ ಎಳೆ ಸಿಕ್ಕಿಕೊಂಡು ಮಗ್ಗವೇ ನಿಲ್ಲುತ್ತದೆ. ಆಗ ಮಾತು ಕೇಳಬೇಕಾದವರು ಸುತ್ತಿದವರೇ ಹೊರತು ನೇಯುವವರಲ್ಲ. ಈ ಸಂಚಿಕೆಯಲ್ಲಿ ಹೇಳಹೊರಟಿರುವುದು ಬೇರೊಂದು ದಾರದ ವಿಷಯವಾದರೂ ನ್ಯಾಯ ಮಾತ್ರ ಅದೇ. ಮೀನು ಹಿಡಿಯುವ ಗಾಳದ ರೀಲಿಗೆ ಹೆಣೆದ ದಾರವನ್ನು ಸುತ್ತುವುದು ಹೇಗೆ ಎಂಬುದೇ ಈ ಸಲದ ಪಾಠ. ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವ ಓದುಗರು ನಮ್ಮಲ್ಲಿ ಅನೇಕರಿದ್ದಾರೆಂದು ಬಲ್ಲೆ. ಅವರು ದಯವಿಟ್ಟು ಪುಟ ಮಗುಚಬಾರದು. ಅವರ ಮಕ್ಕಳು ಆಗಲೇ ರೀಲು ಕೊಂಡು ತಂದು ಮಂಚದ ಕೆಳಗೆ ಇಟ್ಟಿರಬಹುದು.

ಸಮುದ್ರವಿಲ್ಲದ ಈ ಊರಿನಲ್ಲಿ ಗಾಳಕ್ಕೇನು ಕೆಲಸ ಎಂದು ಕೇಳುವವರುಂಟು. ಹೈದರಾಬಾದು ಕೆರೆಗಳ ಊರು. ಕುತುಬ್ ಶಾಹಿಗಳ ಕಾಲದ ಹುಸೇನ್ ಸಾಗರ ಊರಿನ ನಡುವೆಯೇ ಇದೆ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ, ನಿಜಾಮ ಸರಕಾರ ೧೯೦೯ರಲ್ಲಿ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಊರಿಗೆ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೀರನ್ನು ಅಲ್ಲಿಯೇ ತಡೆಯಬೇಕೆಂದು ಅವರು ಹೇಳಿದರು. ಅದರ ಫಲವಾಗಿ ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಗಂಡಿಪೇಟೆಯ ಕಟ್ಟೆಯ ಮೇಲೆ ನಿಂತು ಗಾಳಿ ಸೇವಿಸುವ ಕನ್ನಡಿಗನು ಎದೆಯನ್ನು ಸ್ವಲ್ಪ ಉಬ್ಬಿಸಿಕೊಂಡರೆ ತಪ್ಪೇನೂ ಇಲ್ಲ.

ಇಲ್ಲಿನ ಗಾಳಗಾರರಿಗೆಲ್ಲ ಅಚ್ಚುಮೆಚ್ಚಾದದ್ದು ಕೊರ್ರಮೀನು. ಇದು ತೆಲಂಗಾಣದ ರಾಜ್ಯ ಮೀನು. ಮೃಗಶಿರಾ ಮಳೆ ಹುಟ್ಟುವ ದಿನ ನಾಂಪಲ್ಲಿಯ ವಸ್ತುಪ್ರದರ್ಶನದ ಮೈದಾನದಲ್ಲಿ ಉಬ್ಬಸದ ರೋಗಿಗಳು ಮದ್ದಿನೊಡನೆ ನುಂಗುವುದು ಇದರ ಮರಿಯನ್ನೇ. ಇದು ನೀರಿನ ಮೇಲಕ್ಕೆ ಬಂದು ಗಾಳಿಯನ್ನೂ ಉಸಿರಾಡಬಲ್ಲ ಮೀನು. ಅಂತರಗಂಗೆಯ ಮರೆಯಲ್ಲಿ ಹೊಂಚುಹಾಕಿ, ಕಪ್ಪೆ ನೆಗೆದರೆ ಹಾರಿ ಹಿಡಿಯುತ್ತದೆ. ಆದುದರಿಂದ ಗಾಳಗಾರರು ರಬ್ಬರಿನ ಕಪ್ಪೆಯನ್ನು ಕಳೆಯ ಮೇಲೆ ಎಸೆದು ಎಳೆಯುತ್ತಾರೆ. ಮೀನು ಕಚ್ಚಿದೊಡನೆಯೇ ಅದನ್ನು ಕಳೆಯಿಂದ ಈಚೆಗೆ ತರಬೇಕು. ಒಂದು ಕ್ಷಣ ದಾರ ಸಡಿಲವಾದರೂ ಅದು ಬೇರುಗಳ ನಡುವೆ ನುಗ್ಗಿಬಿಡುತ್ತದೆ.

ಇಂಥ ಎಳೆದಾಟಕ್ಕೆಂದೇ ಬಂದಿರುವುದು ಅಂಗಡಿಯವರು ಬ್ರೇಡ್ ಎನ್ನುವ ದಾರ. ನಾವು ಜಡೆದಾರ ಎನ್ನೋಣ. ಹೆಣ್ಣುಮಕ್ಕಳಿಗೆ ಮೂರು ಕಾಲಿನ ಜಡೆ, ನಾಲ್ಕು ಕಾಲಿನ ಜಡೆ ಹಾಕುವಂತೆ, ಪಾಲಿಎಥಿಲೀನಿನ ಬಲು ಸೂಕ್ಷ್ಮವಾದ ನಾರುಗಳ ನಾಲ್ಕು ಅಥವಾ ಎಂಟು ಎಳೆಗಳನ್ನು ಯಂತ್ರವು ಹೆಣೆಯುತ್ತದೆ. ಮೂವತ್ತು ಪೌಂಡ್ ತಡೆಯುವ ಜಡೆದಾರವು ಎಂಟು ಪೌಂಡ್ ತಡೆಯುವ ನೈಲಾನ್ ದಾರದಷ್ಟೇ ದಪ್ಪ. ನೈಲಾನು ರಬ್ಬರಿನಂತೆ ಸ್ವಲ್ಪ ಜಗ್ಗುತ್ತದೆ. ಇದು ಹೆಚ್ಚು ಕಡಿಮೆ ಜಗ್ಗುವುದೇ ಇಲ್ಲ. ನೀರಿನಲ್ಲಿ ತೇಲುತ್ತದೆ, ಕೊಳೆಯುವುದಿಲ್ಲ. ಗುಣಗಳು ಇಷ್ಟಾದರೆ ದೋಷಗಳು ಎರಡು: ಇದು ಬಹಳ ನುಣುಪು, ಬಹಳ ತೆಳುವು. ನುಣುಪಾದ್ದರಿಂದ ಲೋಹದ ಉರುಳೆಯ ಮೇಲೆ ಹಿಡಿತ ಸಿಕ್ಕದೆ ಜಾರುತ್ತದೆ. ತೆಳುವಾದ್ದರಿಂದ, ಸುತ್ತುಗಳು ಸಡಿಲವಾಗಿದ್ದರೆ, ಎಳೆತ ಬಿದ್ದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಇಳಿದು ಹೂತುಕೊಳ್ಳುತ್ತದೆ.

ಇವೆರಡರ ಫಲವೇನೆಂಬುದನ್ನು ನಮ್ಮ ಬೀದಿಯ ಹುಡುಗನೊಬ್ಬ ಕಳೆದ ಮಳೆಗಾಲದಲ್ಲಿ ಕಂಡುಕೊಂಡ. ಕೊಂಡ ಅಂಗಡಿಯಲ್ಲೇ ಐದು ನಿಮಿಷದಲ್ಲಿ ದಾರ ಸುತ್ತಿಸಿಕೊಂಡು ಊರಾಚೆಯ ಕೆರೆಗೆ ಹೋಗಿದ್ದ. ಮೂರನೆಯ ಎಸೆತಕ್ಕೇ ದೊಡ್ಡ ಮೀನು ಕಚ್ಚಿತು. ಹುಡುಗ ಹಿಡಿಯನ್ನು ತಿರುಗಿಸಿಯೇ ತಿರುಗಿಸಿದ, ದಾರ ಒಳಕ್ಕೆ ಬರಲೊಲ್ಲದು. ಸುತ್ತಿದ್ದೆಲ್ಲ ಒಂದು ಬಳೆಯಂತಾಗಿ ಬರಿಯ ಉರುಳೆಯ ಮೇಲೆ ಜಾರುತ್ತಿತ್ತು. ಮೀನು ಅಂತರಗಂಗೆಯ ಬೇರಿಗೆ ಹೊಕ್ಕಿತು. ಕೊನೆಗೆ ಅವನು ದಾರ ಕತ್ತರಿಸಬೇಕಾಯಿತು. ಹತ್ತು ಮಾರು ದಾರವೂ ಬಾಯಲ್ಲಿ ಕೊಕ್ಕೆಯೂ ಇದ್ದ ಮೀನು ನೀರಿನಲ್ಲೇ ಉಳಿಯಿತು. ಗೂಟಕ್ಕೆ ಕಟ್ಟಿ ಮರೆತುಬಿಟ್ಟ ಕರುವಿನ ಗತಿ ಅದರದು. ತಿನ್ನುವುದಕ್ಕೆ ಮೀನು ಹಿಡಿಯುವುದು ಒಂದು. ಯಾರ ಹೊಟ್ಟೆಗೂ ಇಲ್ಲದೆ, ಬದುಕಲೂ ಬಿಡದೆ ಹೀಗೆ ಕೊಲ್ಲುವುದು ಇನ್ನೊಂದು. ಆ ರಾತ್ರಿ ಹುಡುಗ ಸರಿಯಾಗಿ ಊಟ ಮಾಡಲಿಲ್ಲವೆಂದು ಅವನ ತಾಯಿ ಹೇಳಿದರು. ಒಳ್ಳೆಯ ಹುಡುಗ.

ಇನ್ನು ಸುತ್ತುವ ಕ್ರಮ. ಮೊದಲು ರೀಲನ್ನು ಕೋಲಿಗೆ ಬಿಗಿಯಿರಿ. ದಾರದ ತುದಿಯನ್ನು ಕೋಲಿನ ಮೊದಲ ಉಂಗುರದೊಳಗಿನಿಂದ ರೀಲಿನ ಕಡೆಗೆ ತನ್ನಿ. ಗಂಟು ಹಾಕುವ ಮೊದಲೇ ರೀಲಿನ ತಂತಿಯ ಕಮಾನನ್ನು ತೆರೆದಿಡುವುದನ್ನು ಮರೆಯಬೇಡಿ. ಮರೆತರೆ ಗಂಟನ್ನು ಬಿಚ್ಚಿ ಮತ್ತೆ ಮೊದಲಿನಿಂದ ಬರಬೇಕಾಗುತ್ತದೆ.

ಜಡೆದಾರವನ್ನು ಬರಿಯ ಉರುಳೆಗೆ ಕಟ್ಟಬಾರದು. ಸೀರೆಗೆ ಒಳಲಂಗ ಹೇಗೋ ಇದಕ್ಕೆ ನೈಲಾನಿನ ಅಡಿದಾರ ಹಾಗೆ. ನೈಲಾನನ್ನು ಉರುಳೆಯ ಸುತ್ತ ಒಮ್ಮೆ ತಂದು, ಅದರ ತುದಿಯಿಂದ ಉದ್ದ ದಾರದ ಮೇಲೆ ಒಂದು ಸಾದಾ ಗಂಟು ಹಾಕಿ; ಜಾರಿಹೋಗದಂತೆ ತುದಿಯಲ್ಲಿಯೇ ಇನ್ನೊಂದು ಗಂಟು ಹಾಕಿ ಎಳೆಯಿರಿ. ಹದಿನೈದಿಪ್ಪತ್ತು ಸುತ್ತು ಸಾಕು. ಉರುಳೆ ದೊಡ್ಡದಾಗಿದ್ದರೆ ನೈಲಾನನ್ನೇ ಇನ್ನಷ್ಟು ಸುತ್ತಿ. ಜಡೆದಾರದ ಬೆಲೆ ಹೆಚ್ಚು, ಹಣ ಉಳಿಯುತ್ತದೆ. ಕೆಲವು ಹೊಸ ರೀಲುಗಳ ಉರುಳೆಯಲ್ಲಿ ರಬ್ಬರಿನ ಪಟ್ಟಿ ಇರುತ್ತದೆ, ಅವಕ್ಕೆ ಅಡಿದಾರ ಬೇಕಿಲ್ಲ.

ಎರಡು ದಾರಗಳನ್ನು ಕೂಡಿಸುವಾಗ ತುದಿಗಳನ್ನು ಎದುರುಬದುರಾಗಿ ಪಕ್ಕಪಕ್ಕದಲ್ಲಿಡಿ. ಒಂದು ತುದಿಯನ್ನು ಹಿಂದಕ್ಕೆ ಮಡಿಸಿ ಕುಣಿಕೆ ಮಾಡಿ, ಅದೇ ತುದಿಯನ್ನು ಕುಣಿಕೆಯೊಳಗಿನಿಂದ ಎರಡೂ ದಾರಗಳ ಮೇಲೆ ಸುತ್ತಿ ಎಳೆಯಿರಿ. ಇನ್ನೊಂದು ತುದಿಗೂ ಹಾಗೆಯೇ. ನೈಲಾನಿಗೆ ಐದು ಸುತ್ತು, ಜಡೆದಾರಕ್ಕೆ ಏಳೆಂಟು. ನೀರು ತಾಗಿಸಿ ಎರಡು ಕಡೆಯಿಂದಲೂ ನಿಧಾನವಾಗಿ ಎಳೆದರೆ ಎರಡು ಗಂಟುಗಳೂ ಬಂದು ಒಂದಕ್ಕೊಂದು ಒರಗಿ ನಿಲ್ಲುತ್ತವೆ.

ಇಲ್ಲಿಂದ ಮುಂದಿನದು ಇಬ್ಬರ ಕೆಲಸ. ಒಬ್ಬರು ಹೊಸ ದಾರದ ಸುರುಳಿಯ ತೂತಿಗೆ ಪೆನ್ಸಿಲು ಹಾಕಿ ಹಿಡಿಯಬೇಕು. ಇನ್ನೊಬ್ಬರು ರೀಲಿನ ಹಿಡಿ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆಯ ನಡುವೆ ದಾರವನ್ನು ಅದುಮಿರಬೇಕು. ಬರಿಗೈಯಲ್ಲಿ ಹಿಡಿದರೆ ಬೆರಳು ಕೊಯ್ಯುತ್ತದೆ. ಹಿಡಿತ ಎಷ್ಟಿರಬೇಕು? ಜಾತ್ರೆಯಲ್ಲಿ ಮಗುವಿನ ಕೈ ಹಿಡಿದಷ್ಟು: ನೋಯಿಸಲೂ ಬಾರದು, ಬಿಡಲೂ ಬಾರದು. ಮೊದಲ ಸುತ್ತಿನಿಂದ ಕಡೆಯ ಸುತ್ತಿನವರೆಗೂ ಅದು ಒಂದೇ ಸಮನಾಗಿರಬೇಕು. ತಳ ಸಡಿಲವಾಗಿದ್ದು ಮೇಲೆ ಮಾತ್ರ ಬಿಗಿದರೆ ಆಗುವುದು ಅದೇ ಹೂಳುವ ಕಥೆ. ನಡುವೆ ನಿಲ್ಲಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಮರದ ಬುಗುರಿಯಂತೆ ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ ಬೇಸರಪಡದೆ ಅಲ್ಲಿಯವರೆಗೂ ಬಿಚ್ಚಿ. ಉರುಳೆಯ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲಿಸಬೇಕು. ಅಂಚು ಮೀರಿದರೆ ಎಸೆಯುವಾಗ ಸುತ್ತುಗಳು ಒಟ್ಟಾಗಿ ಕಳಚಿ ಬಂದು ಸಿಕ್ಕಾಗುತ್ತವೆ. ತೀರ ಕಡಮೆಯಾದರೆ ದಾರ ಅಂಚಿಗೆ ಉಜ್ಜಿ ಎಸೆತ ದೂರ ಹೋಗುವುದಿಲ್ಲ.

ಈ ಅರ್ಧ ಗಂಟೆಯ ಕೆಲಸದಲ್ಲಿ ಇನ್ನೊಂದು ಲಾಭವೂ ಇದೆ. ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಮತ್ತು ದಖನಿ ಆಡಿ ಬರುತ್ತಾರೆ. ಮನೆಯ ಕನ್ನಡ ‘ಊಟಕ್ಕೆ ಬಾ, ದೀಪ ಆರಿಸು’ ಎಂಬಷ್ಟಕ್ಕೇ ನಿಂತುಬಿಡುತ್ತದೆ. ದಾರ ಸುತ್ತುವಾಗ ಕುಣಿಕೆ, ಸಿಕ್ಕು, ಎಳೆ, ಗೇಣು, ಮಾರು, ಬಿಗಿ, ಸಡಿಲ ಎಂಬ ಮಾತುಗಳೆಲ್ಲ ಬೇಕಾಗುತ್ತವೆ. ಪದ ಗೊತ್ತಿಲ್ಲದಿದ್ದರೆ ಕೆಲಸ ನಿಲ್ಲುತ್ತದೆಯಾಗಿ, ಮಗ ಪದ ಕೇಳುತ್ತಾನೆ, ತಂದೆ ಹೇಳುತ್ತಾನೆ. ಪಾಠವೆಂದು ಕೂರಿಸಿದರೆ ಓಡಿಹೋಗುವ ಹುಡುಗ ಇಲ್ಲಿ ಕೂರುತ್ತಾನೆ.

ಒಂದೆರಡು ವರ್ಷ ಬಳಸಿದ ಮೇಲೆ ಹೊರಗಿನ ದಾರ ಬಣ್ಣಗೆಟ್ಟು ನವಿರೆದ್ದಿರುತ್ತದೆ, ಒಳಗಿನದು ಹೊಸದಾಗಿಯೇ ಇರುತ್ತದೆ. ಆಗ ಇನ್ನೊಂದು ಉರುಳೆಗೆ ಸುತ್ತಿ, ತುದಿ ಬದಲಾಯಿಸಿ ಮತ್ತೆ ತುಂಬಿದರೆ ಅದೇ ದಾರ ಇನ್ನಷ್ಟು ಕಾಲ ಬಾಳುತ್ತದೆ. ಕೆರೆಯ ಮೀನಿನ ಹಕ್ಕು ಬಹುಮಟ್ಟಿಗೆ ಬೆಸ್ತರ ಸಹಕಾರ ಸಂಘಗಳದು. ಅವರನ್ನು ಕೇಳಿಯೇ ಗಾಳ ಹಾಕಬೇಕು. ಮಳೆಗಾಲದಲ್ಲಿ ಕೊರ್ರಮೀನಿನ ಮರಿಗಳು ಗುಂಪುಗೂಡಿ ನೀರಿನ ಮೇಲ್ಭಾಗದಲ್ಲಿ ಸುಳಿದಾಡುವುದು ಕಂಡರೆ ಗಾಳವನ್ನು ಮಡಿಚಿಡಿ. ಕೆಳಗೆ ತಂದೆತಾಯಿ ಕಾವಲಿರುತ್ತವೆ; ಅವನ್ನು ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲು.

ಕಡೆಯ ಮಾತು ತುಂಡುದಾರದ್ದು. ಕೊಳೆಯದ ಗುಣವೇ ಇಲ್ಲಿ ಶಾಪ. ದಡದಲ್ಲಿ ಬಿಟ್ಟ ಒಂದು ಗೇಣು ದಾರವೂ ಬೆಳ್ಳಕ್ಕಿಯ ಕಾಲಿಗೆ, ನೀರುಕಾಗೆಯ ರೆಕ್ಕೆಗೆ ಬೇಡಿಯಾಗಬಲ್ಲದು. ಗಾಳಿಪಟದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೭ರಲ್ಲಿ ಏಕೆ ನಿಷೇಧಿಸಿತೆಂಬುದು ಸಂಕ್ರಾಂತಿಯ ಮರುದಿನ ಇಲ್ಲಿನ ಮರಗಳನ್ನು ತಲೆಯೆತ್ತಿ ನೋಡಿದವರಿಗೆ ಗೊತ್ತು. ನಮ್ಮ ಅಮೀನ್‌ಪುರದ ಕೆರೆ ೨೦೧೬ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿದ್ದು ಹಕ್ಕಿಗಳ ಪುಣ್ಯದಿಂದ. ಜೇಬಿನಲ್ಲಿ ಒಂದು ಹಳೆಯ ಬೆಂಕಿಪೊಟ್ಟಣವಿರಲಿ. ಕತ್ತರಿಸಿದ ಚೂರುಗಳನ್ನೆಲ್ಲ ಅದರಲ್ಲಿ ತುಂಬಿ ಮನೆಗೆ ತಂದು, ಬೆರಳುದ್ದಕ್ಕೆ ತುಂಡು ಮಾಡಿ, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಅದಾದ ಮೇಲೆಯೇ ಕೈ ತೊಳೆದುಕೊಳ್ಳಬೇಕು.