ಟೀಸರ್ ಮೊದಲು, ಕಥೆ ಆಮೇಲೆ ಅನ್ನೋ ನನ್ನ ಫ್ರೆಂಡ್ಸ್‌ಗೆ

(1/5)
ನಿನ್ನೆ ರಾತ್ರಿ ಗ್ರೂಪಲ್ಲಿ ಅರ್ಧಕ್ಕೆ ನಿಂತ ಜಗಳ ಇಲ್ಲಿ ಮುಂದುವರಿಸ್ತಿದೀನಿ. ಅನ್‌ಫಾಲೋ ಮಾಡೋರು ಮಾಡಿ.

ಒಂಬತ್ತು ಜನ ಸೇರಿ ಕನ್ನಡದಲ್ಲಿ 90 ನಿಮಿಷದ ಅನಿಮೇಷನ್ ಸಿನಿಮಾ ಮಾಡೋಕೆ ಹೊರಟಿದೀವಿ. ನಾಲ್ಕು ತಿಂಗಳಾಯ್ತು. ಕೈಯಲ್ಲಿ ಏನಿದೆ? ನಾಯಕಿಗೆ ಹದಿನೇಳು ಡ್ರೆಸ್, ಒಂದು ಲೋಗೋ, ಟೀಸರ್‌ಗೆ ಮ್ಯೂಸಿಕ್. ಕಥೆ? ವಾಟ್ಸಾಪಲ್ಲಿ ಪಿನ್ ಮಾಡಿರೋ ಆರು ಸಾಲು. ಕೇಳಿದ್ರೆ "ಮಾಡ್ತಾ ಮಾಡ್ತಾ ಬರುತ್ತೆ ಬಿಡೇ" ಅಂತೀರಿ.

ಬರಲ್ಲ. ನನ್ನ ಶಾರ್ಟ್ ಫಿಲ್ಮ್ ನೆನಪಿದೆಯಲ್ಲ? ಮಳೆ, ಹಂಚಿನ ಮನೆ, ಓಡೋ ಹುಡುಗಿ. ಮಳೆಹನಿಗೇ ಐದು ವಾರ ಕೂತಿದ್ದೆ. ಜ್ಯೂರಿ ದಿನ ಮೇಷ್ಟ್ರು ಕೇಳಿದ್ದು ಒಂದೇ: "ಇವಳು ಯಾಕಮ್ಮ ಓಡ್ತಿದಾಳೆ?" ನನ್ನ ಹತ್ರ ಉತ್ತರ ಇರ್ಲಿಲ್ಲ.

(2/5)
ಲೆಕ್ಕ ಹಾಕಿ. ಸೆಕೆಂಡಿಗೆ 24 ಫ್ರೇಮ್. 90 ನಿಮಿಷಕ್ಕೆ 1,29,600. ಒಂದೊಂದು ಚಿತ್ರಾನ ಎರಡೆರಡು ಫ್ರೇಮ್ ನಿಲ್ಲಿಸಿದ್ರೂ 64,800 ಚಿತ್ರ. ಕ್ಯಾಮೆರಾ ಇಟ್ಟು ಸಿನಿಮಾ ತೆಗೆಯೋರು ಒಂದೇ ಸೀನನ್ನ ನಾಲ್ಕು ಕಡೆಯಿಂದ ತೆಗೆದು, ಎಡಿಟಿಂಗಲ್ಲಿ ಕಥೆ ರಿಪೇರಿ ಮಾಡ್ಕೋಬಹುದು. ನಮಗೆ ಆ ಭಾಗ್ಯ ಇಲ್ಲ. ನಮ್ಮಲ್ಲಿ ಎಡಿಟಿಂಗ್ ಮೊದಲು, ಶೂಟಿಂಗ್ ಆಮೇಲೆ. ಒಂದು ನಿಮಿಷ ಬಿಸಾಕಿದ್ರೆ 720 ಚಿತ್ರ ಕಸದ ಬುಟ್ಟಿಗೆ.

(3/5)
"ಪಿಕ್ಸಾರ್ ನೋಡು" ಅಂದ್ರಲ್ಲ, ಸರಿ, ನೋಡೋಣ. 1993 ನವೆಂಬರ್ 19, ಶುಕ್ರವಾರ. 'ಟಾಯ್ ಸ್ಟೋರಿ'ಯ ಸ್ಟೋರಿ ರೀಲನ್ನ, ಅಂದ್ರೆ ಸ್ಟೋರಿಬೋರ್ಡ್ ಚಿತ್ರಗಳನ್ನ ವಾಯ್ಸ್ ಜೊತೆ ಜೋಡಿಸಿದ್ದನ್ನ, ಡಿಸ್ನಿಯವರಿಗೆ ತೋರಿಸಿದ್ರು. ಅದರಲ್ಲಿ ವುಡಿ ಎಲ್ಲರನ್ನೂ ಹೀಯಾಳಿಸೋ ಕೆಟ್ಟವನು. ಬಝ್‌ನ ಬೇಕಂತಲೇ ಕಿಟಕಿಯಿಂದ ಆಚೆ ಎಸೀತಾನೆ. ಇನ್ನೂ ಖಾರ ಹಾಕಿ ಅಂತ ಹಿಂದೆ ಬಿದ್ದಿದ್ದೂ ಡಿಸ್ನಿಯವರೇ, ಅದು ಬೇರೆ ಮಾತು. ನೋಡಿದವರಿಗೆ ಹಿಡಿಸಲಿಲ್ಲ. ಪ್ರೊಡಕ್ಷನ್ ನಿಂತೋಯ್ತು.

ಆಮೇಲೆ ಏನ್ ಮಾಡಿದ್ರು? ವುಡಿಗೆ ಹೊಸ ಟೋಪಿ ಡಿಸೈನ್ ಮಾಡ್ಲಿಲ್ಲ. ಕೂತು ಕಥೆ ತಿದ್ದಿದ್ರು. ಈಗ ನಾವು ನೋಡೋ ಸಿನಿಮಾದಲ್ಲಿ ವುಡಿ ಬಝ್‌ನ ಮೇಜಿನ ಹಿಂದೆ ಬೀಳಿಸೋಕೆ ಹೋಗ್ತಾನೆ, ಅಷ್ಟೇ. ಅದು ಕೈಮೀರಿ ಬಝ್ ಕಿಟಕಿಯಿಂದ ಬಿದ್ದೋಗ್ತಾನೆ. ಅದೇ ಕಿಟಕಿ, ಅದೇ ಬೀಳೋದು, ಆದ್ರೆ ವುಡಿ ಮೇಲೆ ನಮಗೆ ಸಿಟ್ಟಿನ ಜೊತೆ ಅಯ್ಯೋ ಪಾಪ ಅಂತಾನೂ ಅನ್ಸುತ್ತೆ. ಕಂಪ್ಯೂಟರಲ್ಲೇ ಮಾಡಿದ ಮೊದಲ ಪೂರ್ತಿ ಸಿನಿಮಾ ಅಂತ ಎಲ್ಲರೂ ಹೇಳ್ತಾರೆ. ಒರಿಜಿನಲ್ ಸ್ಕ್ರೀನ್‌ಪ್ಲೇಗೆ ಆಸ್ಕರ್ ನಾಮಿನೇಷನ್ ಪಡೆದ ಮೊದಲ ಅನಿಮೇಷನ್ ಸಿನಿಮಾನೂ ಅದೇ ಅಂತ ಯಾರೂ ಹೇಳಲ್ಲ.

(4/5)
"ಮಿಯಾಜಾಕಿ ಸ್ಕ್ರಿಪ್ಟೇ ಬರೆಯಲ್ಲ." ಈ ಮಾತು ಇನ್ನೊಂದ್ ಸಲ ಕೇಳಿದ್ರೆ ಗ್ರೂಪ್ ಬಿಡ್ತೀನಿ. ಅವರು ಬರೆಯೋದು ಎಕೊಂಟೆ. ಚಿತ್ರ, ಪಕ್ಕದಲ್ಲಿ ಆಕ್ಷನ್, ಡೈಲಾಗ್, ಎಷ್ಟು ಸೆಕೆಂಡ್ ಅನ್ನೋದು, ಎಲ್ಲಾ ಸ್ವಂತ ಕೈಯಲ್ಲಿ. ಅದೇ ಸ್ಕ್ರಿಪ್ಟ್. ಕೊನೆ ಗೊತ್ತಾಗೋ ಮೊದಲೇ ಪ್ರೊಡಕ್ಷನ್ ಶುರು ಮಾಡ್ತಾರೆ, ನಿಜ. ಎಷ್ಟು ದಶಕ ಬರೆದ ಕೈ ಅದು? ನಮ್ಮದು ಎಷ್ಟು ವರ್ಷದ್ದು?

"ಟೀಸರ್ ಇದ್ರೆ ತಾನೇ ದುಡ್ಡು ಹಾಕೋರು ಬರೋದು" ಅನ್ನೋದ್ರಲ್ಲಿ ಅರ್ಧ ಸತ್ಯ ಇದೆ, ಒಪ್ತೀನಿ. ಆದ್ರೆ ಬಂದವರು "ಮುಂದೇನಾಗುತ್ತೆ?" ಅಂತ ಕೇಳ್ತಾರಲ್ಲ, ಆಗ ಹದಿನೇಳು ಡ್ರೆಸ್ ತೋರಿಸ್ತೀರಾ?

(5/5)
ಶನಿವಾರ ಬೆಳಗ್ಗೆ ಹತ್ತಕ್ಕೆ, ನಮ್ಮ ಮನೆ ಟೆರೇಸ್. ಟ್ಯಾಬ್ ತರಬೇಡಿ, ಪೆನ್ಸಿಲ್ ಸಾಕು. ಮೊದಲ ಹತ್ತು ನಿಮಿಷದ ಕಥೆ ಮಾತ್ರ. ಕಡ್ಡಿ ಕೈಕಾಲಿನ ಚಿತ್ರ ಆದ್ರೂ ಪರವಾಗಿಲ್ಲ, ವಾಯ್ಸ್ ಫೋನಲ್ಲಿ ನಾವೇ ಕೊಡೋಣ. ಜೋಡಿಸಿ ನಮ್ಮ ಅಜ್ಜಿಗೆ ತೋರಿಸೋಣ. ಅಜ್ಜಿ ಮಧ್ಯದಲ್ಲಿ ಎದ್ದು ಹಾಲು ಕಾಯಿಸೋಕೆ ಹೋದ್ರೆ ಆ ಸೀನ್ ಕಿತ್ತಾಕೋದೇ.

ಇಲ್ಲ, ಟೀಸರೇ ಮೊದಲು ಅನ್ನೋರು ಕೆಳಗೆ ಕಾಮೆಂಟಲ್ಲಿ ಒಂದೇ ವಾಕ್ಯದಲ್ಲಿ ಬರೀರಿ: ನಮ್ಮ ನಾಯಕಿಗೆ ಏನು ಬೇಕು?

#ಕಥೆಮೊದಲು #ಕನ್ನಡಅನಿಮೇಷನ್